ಲೆಕ್ಕಕ್ಕೆ ಸಿಗದ ಪಾಲು

ಪ್ರವೇಶ ಪರೀಕ್ಷೆಯ ಫಲಿತಾಂಶ ಹೊರಬಿದ್ದೊಡನೆ ನಾಡಿನ ಮಧ್ಯಮ ವರ್ಗದ ಮನೆಗಳಲ್ಲಿ ಪ್ರತಿ ವರ್ಷವೂ ಒಂದು ಬಗೆಯ ತೀರ್ಥಯಾತ್ರೆ ಆರಂಭವಾಗುತ್ತದೆ. ತಂದೆ, ತಾಯಿ, ಎಂಜಿನಿಯರಾಗಲಿರುವ ಮಗ ಅಥವಾ ಮಗಳು, ಜೊತೆಗೆ ಲೋಕಾನುಭವವುಳ್ಳ ಸೋದರಮಾವ, ಹೀಗೆ ಒಂದು ಪರಿವಾರವೇ ಕಾಲೇಜಿನಿಂದ ಕಾಲೇಜಿಗೆ ಅಲೆಯುತ್ತದೆ. ಕಟ್ಟಡದ ಭವ್ಯತೆಯನ್ನು ಕಣ್ತುಂಬ ಕಾಣುತ್ತಾರೆ. ಹಾಸ್ಟೆಲಿನ ಅಡಿಗೆಯ ವಿಚಾರ ಕೇಳುತ್ತಾರೆ. ಶುಲ್ಕವೆಷ್ಟು, ಬಸ್ಸಿನ ಅನುಕೂಲವುಂಟೆ, ಹೋದ ವರ್ಷ ಎಷ್ಟು ಮಂದಿಗೆ ಕೆಲಸ ದೊರೆಯಿತು ಎಂಬುದನ್ನೆಲ್ಲ ಗುರುತು ಹಾಕಿಕೊಳ್ಳುತ್ತಾರೆ. ಇವೆಲ್ಲ ಕೇಳಬೇಕಾದ ಪ್ರಶ್ನೆಗಳೇ ಸರಿ. ಆದರೆ ಕಟ್ಟಡದ ಹಿಂಬದಿಯಲ್ಲಿ, ತಗಡಿನ ಮಾಡಿನ ಕೆಳಗೆ, ಎಣ್ಣೆಯ ಜಿಡ್ಡು ಮತ್ತು ಕಬ್ಬಿಣದ ಪುಡಿಯ ವಾಸನೆ ತುಂಬಿದ ಉದ್ದನೆಯ ಕೋಣೆಯೊಂದು ಇರುತ್ತದೆ. ಅದರ ಬಾಗಿಲನ್ನು ತೆರೆಯಿಸಿ ಒಳಗೆ ಇಣಿಕಿ ನೋಡುವವರು ತೀರ ವಿರಳ. ಮೆಕ್ಯಾನಿಕಲ್ ವಿಭಾಗದ ವಿದ್ಯಾರ್ಥಿಯು ನಿಜವಾಗಿ ಎಂಜಿನಿಯರನಾಗುವುದು, ಅಥವಾ ಆಗದೆ ಉಳಿಯುವುದು, ಬಹುಮಟ್ಟಿಗೆ ಆ ಬಾಗಿಲಿನ ಹಿಂದೆಯೇ.

ಅಲ್ಲಿ ನಡೆಯುವ ಪ್ರಯೋಗಗಳಲ್ಲಿ ಅತ್ಯಂತ ಸರಳವಾದುದನ್ನೇ ಮೊದಲು ನೋಡಬಹುದು. ಬೆರಳಿನ ಗಾತ್ರದ ಮೃದು ಉಕ್ಕಿನ ಸಲಾಕೆಯೊಂದನ್ನು ಪರೀಕ್ಷಾಯಂತ್ರದ ಎರಡು ದವಡೆಗಳ ನಡುವೆ ಬಿಗಿಯುತ್ತಾರೆ. ಎಣ್ಣೆಯ ಒತ್ತಡದಿಂದ ದವಡೆಗಳು ನಿಧಾನವಾಗಿ ಒಂದರಿಂದ ಒಂದು ದೂರ ಸರಿಯತೊಡಗುತ್ತವೆ. ಗೋಡೆಗಡಿಯಾರದಂತಹ ದೊಡ್ಡ ಮುಖಫಲಕದ ಮೇಲೆ ಮುಳ್ಳು ಏರುತ್ತ ಹೋಗುತ್ತದೆ. ಮೊದಮೊದಲು ಕಣ್ಣಿಗೆ ಏನೂ ಕಾಣುವುದಿಲ್ಲ. ಭಾರ ಇಮ್ಮಡಿಯಾದರೆ ಸಲಾಕೆಯ ಹಿಗ್ಗುವಿಕೆಯೂ ಇಮ್ಮಡಿ. ಭಾರವನ್ನು ಇಳಿಸಿದರೆ ಸಲಾಕೆ ತನ್ನ ಮೊದಲಿನ ಉದ್ದಕ್ಕೆ ಮರಳುತ್ತದೆ. 17ನೆಯ ಶತಮಾನದಲ್ಲಿ ರಾಬರ್ಟ್ ಹುಕ್ ಎಂಬ ವಿಜ್ಞಾನಿ ಕಂಡುಕೊಂಡ ನಿಯಮವಿದು. ಪುಸ್ತಕದಲ್ಲಿ ಒಂದೇ ಒಂದು ಸರಳರೇಖೆ. ಹೀಗೆ ಏರುತ್ತ, ಸಲಾಕೆಯ ಅಡ್ಡಕೊಯ್ತದ ಪ್ರತಿಯೊಂದು ಚದರ ಮಿಲಿಮೀಟರಿಗೂ ಸುಮಾರು 250 ನ್ಯೂಟನ್‌ಗಳಷ್ಟು ಬಲ ಬಿದ್ದಾಗ, ಎಂದರೆ ಸಾಸುವೆಕಾಳಿನಷ್ಟು ಜಾಗಕ್ಕೆ 25 ಕಿಲೋ ಅಕ್ಕಿಯ ಚೀಲವನ್ನು ತೂಗುಬಿಟ್ಟಂತಾದಾಗ, ಒಂದು ವಿಚಿತ್ರ ನಡೆಯುತ್ತದೆ. ಅದುವರೆಗೆ ನಿಶ್ಚಿಂತೆಯಿಂದ ಏರುತ್ತಿದ್ದ ಮುಳ್ಳು ತಡವರಿಸಿ ನಿಲ್ಲುತ್ತದೆ. ಕೆಲವೊಮ್ಮೆ ಒಂದು ಹೆಜ್ಜೆ ಹಿಂದಕ್ಕೂ ಸರಿಯುತ್ತದೆ. ಸಲಾಕೆಯ ಮೈಮೇಲಿನ ಕಪ್ಪು ಹೊಪ್ಪಳೆ ಸಣ್ಣ ಚಕ್ಕೆಗಳಾಗಿ ಉದುರುತ್ತದೆ. ಉಕ್ಕು ಸೋಲೊಪ್ಪಿಕೊಂಡ ಗಳಿಗೆ ಅದು.

ಆಮೇಲೆ ಮುಳ್ಳು ಮತ್ತೆ ಚೇತರಿಸಿಕೊಂಡು ಏರುತ್ತದೆ. ಇನ್ನೊಂದು ಎತ್ತರವನ್ನು ಮುಟ್ಟಿದ ಬಳಿಕ ಸಲಾಕೆಯ ನಡುವೆ ಒಂದೆಡೆ ಸೊಂಟದಂತೆ ಸಣ್ಣಗಾಗುತ್ತದೆ. ಕೊನೆಗೆ ಕಿವಿಗಡಚಿಕ್ಕುವ ಸದ್ದಿನೊಡನೆ ಎರಡು ತುಂಡಾಗುತ್ತದೆ. ಒಂದು ತುಂಡಿನ ತುದಿ ಪುಟ್ಟ ಬಟ್ಟಲಿನಂತೆ, ಇನ್ನೊಂದರ ತುದಿ ಆ ಬಟ್ಟಲಿಗೆ ಹೇಳಿ ಮಾಡಿಸಿದ ಶಂಕುವಿನಂತೆ ಕಾಣುತ್ತದೆ. ಮುರಿದ ಜಾಗವನ್ನು ಆಗಲೇ ಮುಟ್ಟಿದರೆ ಕೈಗೆ ಬಿಸಿ ತಾಗುತ್ತದೆ. ಈ ಬಿಸಿಯ ಕಾರಣವನ್ನು ಪುಸ್ತಕ ಹೇಳಬಲ್ಲುದು, ಬಿಸಿಯನ್ನು ಕೊಡಲಾರದು. ಇದೇ ಯಂತ್ರದಲ್ಲಿ ಬೀಡುಕಬ್ಬಿಣದ ಸಲಾಕೆಯನ್ನು ಎಳೆದು ನೋಡಿದರೆ ಕಥೆಯೇ ಬೇರೆ. ಅದು ತಡವರಿಸುವುದಿಲ್ಲ, ಸೊಂಟ ಸಣ್ಣಗಾಗುವುದಿಲ್ಲ, ಮುನ್ಸೂಚನೆಯನ್ನೇ ಕೊಡದೆ ಚಟ್ಟನೆ ಮುರಿದುಬೀಳುತ್ತದೆ. ಒಂದು ಲೋಹ ಹೇಳಿ ಸಾಯುತ್ತದೆ, ಇನ್ನೊಂದು ಹೇಳದೆ ಸಾಯುತ್ತದೆ. ಈ ವ್ಯತ್ಯಾಸವನ್ನು ಒಮ್ಮೆ ಕಿವಿಯಾರೆ ಕೇಳಿದ ಹುಡುಗನು ಮುಂದೆ ಸೇತುವೆಗೋ ಲಿಫ್ಟಿಗೋ ಲೋಹವನ್ನು ಆರಿಸುವಾಗ ಅದನ್ನು ಮರೆಯಲಾರ.

ಮನೆಯಲ್ಲಿಯೇ ಈ ಪಾಠದ ಒಂದು ಅಂಶವನ್ನು ಮಕ್ಕಳಿಗೆ ತೋರಿಸಬಹುದು. ಶಾಲೆಯ ಸೀಮೆಸುಣ್ಣದ ಹೊಸ ಕಡ್ಡಿಯೊಂದನ್ನು ಎರಡು ತುದಿಗಳಲ್ಲಿ ಹಿಡಿದು, ಬಗ್ಗಿಸದೆ, ಒದ್ದೆ ಬಟ್ಟೆಯನ್ನು ಹಿಂಡುವಂತೆ ತಿರುಚಬೇಕು. ಅದು ಅಡ್ಡಲಾಗಿ ನೇರವಾಗಿ ಮುರಿಯುವುದಿಲ್ಲ. ಸುರುಳಿಯಾಗಿ, ಸುಮಾರು 45 ಅಂಶದ ಓರೆಯಲ್ಲಿ ಸೀಳುತ್ತದೆ. ಬೀಡುಕಬ್ಬಿಣವೂ ಹೀಗೆಯೇ. ಮೃದು ಉಕ್ಕಿನ ಸಲಾಕೆಯಾದರೋ ಎಷ್ಟೋ ಸುತ್ತು ತಿರುಚಿಸಿಕೊಂಡು ಕಡೆಗೆ ಚಾಕುವಿನಿಂದ ಕತ್ತರಿಸಿದಂತೆ ಸಮತಟ್ಟಾಗಿ ಮುರಿಯುತ್ತದೆ. ಸೀಮೆಸುಣ್ಣಕ್ಕೂ ಬೀಡುಕಬ್ಬಿಣಕ್ಕೂ ಎಳೆತವನ್ನು ತಾಳುವ ಶಕ್ತಿ ಕಡಿಮೆ. ಉಕ್ಕಿಗೆ ಪದರಗಳು ಒಂದರ ಮೇಲೊಂದು ಜಾರುವುದನ್ನು ತಡೆಯುವ ಶಕ್ತಿ ಕಡಿಮೆ. ಯಾವ ಯಂತ್ರದ ಮುರಿದ ಭಾಗವನ್ನು ಕೈಗೆ ಕೊಟ್ಟರೂ ಅನುಭವಿಯಾದ ಎಂಜಿನಿಯರನು ಮೊದಲು ಮುರಿದ ಮುಖವನ್ನು ಬೆಳಕಿಗೆ ಹಿಡಿದು ನೋಡುವುದು ಇದಕ್ಕಾಗಿಯೇ. ಅದು ಅವನ ಪಾಲಿಗೆ ಮರಣಶಾಸನವಿದ್ದಂತೆ; ಓದಲು ಬಂದರೆ ಸಾವಿನ ಕಾರಣವೆಲ್ಲ ಅಲ್ಲಿ ಬರೆದಿರುತ್ತದೆ.

ಇಂತಹ ಕೆಲಸವನ್ನು ವಿದ್ಯಾರ್ಥಿಯ ಕೈಯಿಂದಲೇ ಮಾಡಿಸಬೇಕೆಂಬ ವಿಚಾರ ಬಹಳ ಹಳೆಯದಲ್ಲ. 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ಎಂಜಿನಿಯರಾಗಬೇಕೆನ್ನುವ ತರುಣನು ಯಾವುದಾದರೂ ಕಾರ್ಖಾನೆಯಲ್ಲಿ ಹಣ ತೆತ್ತು ಶಿಷ್ಯವೃತ್ತಿಗೆ ಸೇರುತ್ತಿದ್ದ. ಕೈ ಪಳಗುತ್ತಿತ್ತು, ಕಾರಣ ತಿಳಿಯುತ್ತಿರಲಿಲ್ಲ. ಇತರ ಕಡೆಗಳಲ್ಲಿ ಉಪನ್ಯಾಸ ಮತ್ತು ನಕ್ಷೆಗಳಿಂದಲೇ ವಿದ್ಯೆ ಮುಗಿಯುತ್ತಿತ್ತು. ಅಲ್ಲಿ ಕಾರಣ ತಿಳಿಯುತ್ತಿತ್ತು, ಕೈ ಪಳಗುತ್ತಿರಲಿಲ್ಲ. ಈ ಎರಡು ದಡಗಳಿಗೆ ಸೇತುವೆ ಕಟ್ಟಿದವರಲ್ಲಿ ಮಾಸ್ಕೋ ನಗರದ ತಾಂತ್ರಿಕ ಶಾಲೆಯ ವಿಕ್ಟರ್ ಡೆಲ್ಲಾ ವಾಸ್ ಒಬ್ಬರು. ಬಡಗಿ, ಕಮ್ಮಾರ, ಲೇಥ್ ಕೆಲಸಗಾರ, ಇವರ ಕೈಚಳಕವನ್ನು ಅವರು ಚಿಕ್ಕ ಚಿಕ್ಕ ಹಂತಗಳಾಗಿ ಬಿಡಿಸಿ, ವ್ಯಾಕರಣದ ಪಾಠಗಳಂತೆ ಸುಲಭದಿಂದ ಕಠಿಣದ ಕಡೆಗೆ ಜೋಡಿಸಿದರು. 1876ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ನಡೆದ ಮಹಾಪ್ರದರ್ಶನದಲ್ಲಿ ಈ ಪಾಠಗಳ ಮಾದರಿಗಳು ಬಂದವು. ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯ ಅಧ್ಯಕ್ಷ ಜಾನ್ ರಂಕಲ್ ಅವನ್ನು ನೋಡಿ ಮೆಚ್ಚಿ ತಮ್ಮ ಸಂಸ್ಥೆಯಲ್ಲಿಯೂ ಅಂತಹ ಕಾರ್ಯಶಾಲೆಗಳನ್ನು ತೆರೆಯಿಸಿದರು. ಅದೇ ದಶಕದಲ್ಲಿ ಸ್ಟೀವನ್ಸ್ ಸಂಸ್ಥೆಯಲ್ಲಿ ರಾಬರ್ಟ್ ಥರ್ಸ್ಟನ್ನರು ಯಂತ್ರಪರೀಕ್ಷೆಯ ಪ್ರಯೋಗಶಾಲೆಯನ್ನು ಕಟ್ಟಿದರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅಲೆಕ್ಸಾಂಡರ್ ಕೆನೆಡಿಯವರು 1878ರಲ್ಲಿ ಎಂಜಿನಿಯರಿಂಗ್ ಪ್ರಯೋಗಶಾಲೆಯನ್ನು ಆರಂಭಿಸಿದರು. ಕಾರ್ಯಶಾಲೆ ಕೈಗೆ, ಪ್ರಯೋಗಶಾಲೆ ಕಣ್ಣಿಗೆ ಮತ್ತು ಬುದ್ಧಿಗೆ ಎಂಬ ವಿಭಾಗ ಅಂದಿನಿಂದ ಬೇರೂರಿತು.

ಕನ್ನಡ ನಾಡಿಗೆ ಈ ಪರಂಪರೆ ಬಂದುದು 1917ರಲ್ಲಿ. ಆವರೆಗೆ ಮೈಸೂರು ಸಂಸ್ಥಾನದ ತರುಣರು ಎಂಜಿನಿಯರಿಂಗ್ ವ್ಯಾಸಂಗಕ್ಕೆ ಹೊರಗೆ ಹೋಗಬೇಕಾಗಿತ್ತು. ಆಗ ದಿವಾನರಾಗಿದ್ದ ವಿಶ್ವೇಶ್ವರಯ್ಯನವರೇ ಪುಣೆಯಲ್ಲಿ ಓದಿ ಬಂದವರು. ಅವರ ಪ್ರಯತ್ನದಿಂದ ಬೆಂಗಳೂರಿನಲ್ಲಿ ಸಿವಿಲ್ ಮತ್ತು ಮೆಕ್ಯಾನಿಕಲ್ ಎಂಬ ಎರಡು ವಿಭಾಗಗಳ ಎಂಜಿನಿಯರಿಂಗ್ ಶಾಲೆ 20 ಮಂದಿ ವಿದ್ಯಾರ್ಥಿಗಳಿಂದ ಆರಂಭವಾಯಿತು. ಇಂದು ಅದು ಅವರ ಹೆಸರನ್ನೇ ಹೊತ್ತಿದೆ. 1946ರಲ್ಲಿ ಬೆಂಗಳೂರಿನ ಬಿ. ಎಂ. ಎಸ್. ಕಾಲೇಜೂ ಮೈಸೂರಿನ ನ್ಯಾಷನಲ್ ಇನ್‌ಸ್ಟಿಟ್ಯೂಟೂ, 1947ರಲ್ಲಿ ಹುಬ್ಬಳ್ಳಿಯ ಬಿ. ವಿ. ಬಿ. ಕಾಲೇಜೂ ಹುಟ್ಟಿದವು. ಯಂತ್ರಗಳನ್ನೂ ನಾಡೇ ಮಾಡಿಕೊಂಡಿತು. 1941ರಲ್ಲಿ ಹರಿಹರದಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇಥುಗಳೂ, 1953ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್. ಎಂ. ಟಿ. ಸಂಸ್ಥೆಯ ಲೇಥುಗಳೂ ಕಾಲೇಜುಗಳ ಕಾರ್ಯಶಾಲೆಗಳನ್ನು ತುಂಬಿದವು. ಹರಿಹರದ ಆ ಕಾರ್ಖಾನೆ ಮುಚ್ಚಿಹೋಗಿ ಎಷ್ಟೋ ವರ್ಷಗಳಾದವು. ಅಲ್ಲಿಂದ ಹೊರಟ ಲೇಥುಗಳಲ್ಲಿ ಅನೇಕವು ಇಂದಿಗೂ ಹದಿನೆಂಟರ ಮಕ್ಕಳ ಕೈಯಲ್ಲಿ ತಿರುಗುತ್ತಿವೆ.

ಮೊದಲ ವರ್ಷದ ವಿದ್ಯಾರ್ಥಿಗೆ ಕಾರ್ಯಶಾಲೆಯಲ್ಲಿ ದೊರೆಯುವ ಮೊದಲ ಉಪದೇಶ ಅರದಿಂದ. ಒರಟಾದ ಉಕ್ಕಿನ ತುಂಡನ್ನು ಗಿರಮಿಟ್ಟಿನ ಹಿಡಿಯಲ್ಲಲ್ಲ, ಬೆಂಚಿನ ಇಕ್ಕಳದಲ್ಲಿ ಕಚ್ಚಿಸಿ, ಅರದಿಂದ ಉಜ್ಜಿ, ನಾಲ್ಕೂ ಅಂಚುಗಳನ್ನು ಸಮಕೋನಕ್ಕೆ ತರಬೇಕು. ಕೇಳುವುದಕ್ಕೆ ಮಕ್ಕಳಾಟ. ಅರ್ಧ ಗಂಟೆಯಲ್ಲಿ ಅಂಗೈಯಲ್ಲಿ ಬೊಬ್ಬೆ ಏಳುತ್ತದೆ, ಭುಜ ನೋಯುತ್ತದೆ, ಉಜ್ಜಿದಷ್ಟೂ ಅಂಚು ಬಾಳೆಹಣ್ಣಿನ ಬೆನ್ನಿನಂತೆ ದುಂಡಗಾಗುತ್ತದೆ. ಮೇಸ್ತ್ರಿಯು ಬಂದು ಮೂಲೆಮಟ್ಟವನ್ನು ಅಂಚಿಗೆ ತಾಗಿಸಿ ಕಿಟಕಿಯ ಕಡೆಗೆ ಹಿಡಿಯುತ್ತಾನೆ. ಉಕ್ಕಿಗೂ ಮಟ್ಟಕ್ಕೂ ನಡುವೆ ಬೆಳಕಿನ ಎಳೆಯೊಂದು ನುಸುಳಿದರೆ ಮಾತಿಲ್ಲದೆ ಹಿಂದಿರುಗಿಸುತ್ತಾನೆ. ಇಲ್ಲಿ ವಾದಕ್ಕೆ ಎಡೆಯಿಲ್ಲ, ಕೃಪಾಂಕವಿಲ್ಲ, ಶಿಫಾರಸು ನಡೆಯುವುದಿಲ್ಲ. ಆ ಬೆಳಕಿನ ಎಳೆಯೇ ಪರೀಕ್ಷಕ. ಹತ್ತು ವರ್ಷ ಅಂಕಗಳ ಲೋಕದಲ್ಲಿ ಬೆಳೆದುಬಂದ ಮಗುವಿಗೆ, ತನ್ನ ಇಷ್ಟಾನಿಷ್ಟಗಳಿಗೆ ಸೊಪ್ಪುಹಾಕದ ವಸ್ತುವೊಂದು ಮೊದಲ ಬಾರಿಗೆ ಎದುರಾಗುತ್ತದೆ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಗೆ ಇಲ್ಲಿ ಇನ್ನೊಂದು ಅರ್ಥ ಹೊಳೆಯುತ್ತದೆ. ಕೈ ಕೆಸರಾಗದೆ ಬಾಯಿಗೆ ಬಂದ ಮಾತು ಬರಿಯ ಮಾತಾಗಿಯೇ ಉಳಿಯುತ್ತದೆ.

ಪ್ರಯೋಗಶಾಲೆಯ ಪಾಠ ಇದಕ್ಕಿಂತ ಸೂಕ್ಷ್ಮವಾದುದು. ನೀರಿನ ತೊಟ್ಟಿಯೊಂದರ ಪಕ್ಕದಲ್ಲಿ ಹರಿತವಾದ ಅಂಚುಳ್ಳ ಒಂದು ದುಂಡು ರಂಧ್ರವಿದೆಯೆನ್ನಿ. ತೊಟ್ಟಿಯಲ್ಲಿ ನೀರು ಎಷ್ಟು ಎತ್ತರವಿದೆಯೆಂಬುದು ತಿಳಿದರೆ, ಸೆಕೆಂಡಿಗೆ ಎಷ್ಟು ನೀರು ಹೊರಬರಬೇಕೆಂಬುದನ್ನು ಲೆಕ್ಕ ಹಾಕಬಹುದು. ಆದರೆ ಅಳೆದು ನೋಡಿದರೆ ಬರುವುದು ಆ ಲೆಕ್ಕದ ನೂರರಲ್ಲಿ ಸುಮಾರು 62 ಪಾಲು ಮಾತ್ರ. ರಂಧ್ರದಿಂದ ಹೊರಟ ಧಾರೆ ತುಸು ದೂರ ಹೋಗುತ್ತಲೇ ತಾನಾಗಿ ಸಣ್ಣಗಾಗುವುದು ಇದಕ್ಕೆ ಮುಖ್ಯ ಕಾರಣ. ಈ 0.62 ಎಂಬ ಸಂಖ್ಯೆಗೆ ಹರಿವಿನ ಗುಣಾಂಕವೆಂದು ಹೆಸರು. ಶಾಸ್ತ್ರವು ಲೋಕದ ಮುಂದೆ ತಲೆಬಾಗಿ ಒಪ್ಪಿಕೊಂಡ ತನ್ನ ಕೊರತೆಯ ಲೆಕ್ಕವೇ ಆ ಗುಣಾಂಕ.

ಈಗ ಒಂದು ತಂಡದ ವಿದ್ಯಾರ್ಥಿಗಳಿಗೆ 0.62ರ ಬದಲು 0.71 ಬಂದಿತೆನ್ನಿ. ಅವರ ಮುಂದೆ ಎರಡು ದಾರಿಗಳಿವೆ. ನಿಲ್ಗಡಿಯಾರದ ಅಂಕೆಯನ್ನು ನಾಲ್ಕಾರು ಸೆಕೆಂಡು ತಿದ್ದಿದರೆ ಉತ್ತರ ಪುಸ್ತಕಕ್ಕೆ ಸರಿಹೊಂದುತ್ತದೆ. ಹತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಇನ್ನೊಂದು ದಾರಿ ಕಷ್ಟದ್ದು. ಅಳತೆಪಟ್ಟಿಯ ಸೊನ್ನೆ ಸರಿಯಾದ ಜಾಗದಲ್ಲಿದೆಯೆ, ತೊಟ್ಟಿಯ ನೀರಿನ ಮಟ್ಟ ಸ್ಥಿರವಾಗಿತ್ತೆ, ಗಡಿಯಾರ ಒತ್ತಿದವನ ಬೆರಳು ತಡವಾಯಿತೆ ಎಂದು ಒಂದೊಂದನ್ನೇ ತನಿಖೆಮಾಡಬೇಕು. ಕಟ್ಟಕಡೆಗೆ ಒಬ್ಬಳು ರಂಧ್ರದ ಅಂಚಿನ ಮೇಲೆ ಬೆರಳಾಡಿಸುತ್ತಾಳೆ. ಹರಿತವಾಗಿರಬೇಕಾದ ಅಂಚು ವರ್ಷಾನುವರ್ಷದ ಸವೆತದಿಂದ ದುಂಡಗಾಗಿದೆ. ಅಂಚು ದುಂಡಗಾದರೆ ಧಾರೆ ಅಷ್ಟಾಗಿ ಸಣ್ಣಗಾಗುವುದಿಲ್ಲ, ನೀರು ಹೆಚ್ಚು ಹರಿಯುತ್ತದೆ. ಎಂದರೆ 0.71 ತಪ್ಪಲ್ಲ, ಆ ರಂಧ್ರದ ಸತ್ಯವೇ ಅದು. 0.62 ಬೇರೆ ಯಾವುದೋ ರಂಧ್ರದ ಸತ್ಯ. ಆ ಬೆರಳಿಗೆ ಅಂದು ದೊರೆತ ವಿದ್ಯೆಯನ್ನು ಯಾವ ಉಪನ್ಯಾಸವೂ ಕೊಡಲಾರದು. ಅಂಕೆಯನ್ನು ತಿದ್ದಿದ ತಂಡಕ್ಕೆ ಸಿಕ್ಕುವುದು ಹತ್ತಕ್ಕೆ ಹತ್ತು ಅಂಕ, ಮತ್ತು ಏನೂ ಇಲ್ಲ.

ದೊಡ್ಡವರ ಪ್ರಯೋಗಗಳೂ ಈ ನಿಯಮಕ್ಕೆ ಹೊರತಲ್ಲ. 1883ರಲ್ಲಿ ಮ್ಯಾಂಚೆಸ್ಟರಿನ ಆಸ್ಬೋರ್ನ್ ರೆನಾಲ್ಡ್ಸ್ ಗಾಜಿನ ಕೊಳವೆಯಲ್ಲಿ ಹರಿಯುವ ನೀರಿಗೆ ಬಣ್ಣದ ಎಳೆಯೊಂದನ್ನು ಬಿಟ್ಟು, ನೀರು ಯಾವಾಗ ಶಾಂತವಾಗಿ ಹರಿಯುತ್ತದೆ, ಯಾವಾಗ ಕಲಕಿಹೋಗುತ್ತದೆ ಎಂಬುದನ್ನು ಕಣ್ಣಿಗೆ ಕಾಣಿಸಿದರು. ಶಾಂತಿ ಕದಡುವ ಮಿತಿಯನ್ನು ಅವರ ಹೆಸರಿನ ಸಂಖ್ಯೆಯಿಂದಲೇ ಇಂದಿಗೂ ಅಳೆಯುತ್ತಾರೆ. ಸುಮಾರು ನೂರು ವರ್ಷಗಳ ತರುವಾಯ ಅದೇ ಊರಿನಲ್ಲಿ, ಅವರದೇ ಉಪಕರಣದಲ್ಲಿ ಪ್ರಯೋಗವನ್ನು ಮತ್ತೆ ಮಾಡಿದಾಗ, ರೆನಾಲ್ಡ್ಸರು ಕಂಡಿದ್ದ 13,000ದ ಮಿತಿಯನ್ನು ಮುಟ್ಟುವ ಮೊದಲೇ ನೀರು ಕಲಕಿಹೋಯಿತು. ಮ್ಯಾಂಚೆಸ್ಟರಿನ ಬೀದಿಗಳಲ್ಲಿ ಓಡಾಡುವ ಮೋಟಾರುಗಳ ಅದುರು ಅದಕ್ಕೆ ಕಾರಣವೆಂದು ಕಂಡುಬಂದಿತು. ಸಮೀಕರಣದಲ್ಲಿ ಬೀದಿ ಇರುವುದಿಲ್ಲ. ಪ್ರಯೋಗಶಾಲೆಯ ನೆಲದ ಕೆಳಗೆ ಬೀದಿ ಇದ್ದೇ ಇರುತ್ತದೆ.

ಇದೆಲ್ಲಕ್ಕಿಂತ ಗೃಹಸ್ಥರಿಗೆ ಹತ್ತಿರವಾದ ಪ್ರಯೋಗವೆಂದರೆ ಡೀಸೆಲ್ ಎಂಜಿನ್ನಿನ ಶಾಖದ ಜಮಾಖರ್ಚು. ಒಂದೇ ಸಿಲಿಂಡರಿನ, ಹೊಲದ ಪಂಪಿಗೆ ಜೋಡಿಸುವಂತಹ ಚಿಕ್ಕ ಎಂಜಿನ್ನು. ಗಾಜಿನ ನಳಿಗೆಯಲ್ಲಿ 10 ಘನ ಸೆಂಟಿಮೀಟರ್ ಎಣ್ಣೆ ಇಳಿಯಲು ಎಷ್ಟು ಹೊತ್ತು ಹಿಡಿಯಿತೆಂದು ಒಬ್ಬ ನೋಡುತ್ತಾನೆ. ಗಾಲಿಗೆ ಸುತ್ತಿದ ಹಗ್ಗ ಎಷ್ಟು ಎಳೆಯುತ್ತಿದೆಯೆಂದು ಸ್ಪ್ರಿಂಗ್ ತಕ್ಕಡಿಯಲ್ಲಿ ಇನ್ನೊಬ್ಬ ಓದುತ್ತಾನೆ. ತಣಿಸುವ ನೀರು ಒಳಹೋಗುವಾಗ ಎಷ್ಟು ಬಿಸಿ, ಹೊರಬರುವಾಗ ಎಷ್ಟು ಬಿಸಿ, ಹೊಗೆಯ ಬಿಸಿ ಎಷ್ಟು ಎಂಬುದನ್ನು ಮತ್ತಿಬ್ಬರು ಬರೆದುಕೊಳ್ಳುತ್ತಾರೆ. ಆಮೇಲೆ ಮನೆಯ ತಿಂಗಳ ಲೆಕ್ಕದಂತೆಯೇ ಒಂದು ಪಟ್ಟಿ ಸಿದ್ಧವಾಗುತ್ತದೆ. ಎಣ್ಣೆಯ ರೂಪದಲ್ಲಿ ಬಂದ ಶಾಖ ನೂರು ಪಾಲೆಂದರೆ, ಉಪಯುಕ್ತ ಕೆಲಸವಾಗಿ ಕೈಗೆ ದಕ್ಕಿದ್ದು ಸುಮಾರು ಕಾಲುಭಾಗ, ಹೆಚ್ಚೆಂದರೆ ಮೂರನೆಯ ಒಂದು ಭಾಗ. ಉಳಿದುದರಲ್ಲಿ ದೊಡ್ಡ ಪಾಲು ನೀರಿಗೆ, ಇನ್ನೊಂದು ದೊಡ್ಡ ಪಾಲು ಹೊಗೆಗೆ. ಇಷ್ಟನ್ನೆಲ್ಲ ಕೂಡಿದರೂ ಮೊತ್ತ ನೂರಾಗುವುದಿಲ್ಲ. ಪಟ್ಟಿಯ ಕೊನೆಯ ಸಾಲಿನಲ್ಲಿ ವಿದ್ಯಾರ್ಥಿಯು ಬರೆಯಬೇಕಾದ ಮಾತು ಇದು: ಲೆಕ್ಕಕ್ಕೆ ಸಿಗದ ಪಾಲು.

ಎಂತಹ ಪ್ರಾಮಾಣಿಕವಾದ ಸಾಲು! ತನಗೆ ಸಿಕ್ಕದೆ ಹೋದುದಕ್ಕೂ ಲೆಕ್ಕದ ಪುಸ್ತಕದಲ್ಲಿ ಗೌರವದ ಸ್ಥಾನ ಕೊಡುವ ವಿದ್ಯೆಗಳು ಲೋಕದಲ್ಲಿ ಹೆಚ್ಚಿಲ್ಲ. ಎಂಜಿನ್ನಿನ ಮೈಯಿಂದ ಗಾಳಿಗೆ ಹೋದ ಬಿಸಿ, ತಿಕ್ಕಾಟ, ಉರಿಯದೆ ಉಳಿದ ಎಣ್ಣೆ, ಅಳೆದವರ ತಪ್ಪು, ಎಲ್ಲವೂ ಆ ಸಾಲಿನಲ್ಲಿ ಅಡಗಿವೆ. ಅದು ಐದು ಪಾಲೆ, ಹದಿನೈದು ಪಾಲೆ, ಇದ್ದಕ್ಕಿದ್ದಂತೆ ಮೂವತ್ತಕ್ಕೆ ಏರಿದರೆ ಎಲ್ಲಿ ಏನು ಸೋರುತ್ತಿದೆ ಎಂದು ಹುಡುಕುವುದೇ ಎಂಜಿನಿಯರನ ಮುಂದಿನ ಜೀವನವೆಲ್ಲ ನಡೆಯಬೇಕಾದ ಕೆಲಸ.

ಆದರೆ ಎಷ್ಟೋ ಪ್ರಯೋಗಶಾಲೆಗಳಲ್ಲಿ ಈ ಸಾಲೇ ಸುಳ್ಳಾಗುತ್ತಿದೆ. ಹಿಂದಿನ ವರ್ಷದವರ ರೆಕಾರ್ಡ್ ಪುಸ್ತಕ ಮುಂದಿನ ವರ್ಷದವರ ಕೈಗೆ ಬರುತ್ತದೆ. ಅಂಕೆಗಳು ಒಂದಕ್ಷರವೂ ಬದಲಾಗದೆ ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತವೆ. ಸ್ವಲ್ಪ ಜಾಣರಾದವರು ಉತ್ತರದಿಂದ ಹಿಮ್ಮುಖವಾಗಿ ನಡೆಯುತ್ತಾರೆ. ಉಕ್ಕಿನ ಸ್ಥಿತಿಸ್ಥಾಪಕಾಂಕ ಸುಮಾರು 2 ಲಕ್ಷ ಬರಬೇಕೆಂದು ಗೊತ್ತಿದೆ. ಅದಕ್ಕೆ ಒಪ್ಪುವಂತಹ ಅಳತೆಗಳನ್ನು ಮೇಜಿನ ಮುಂದೆ ಕುಳಿತೇ ಹುಟ್ಟಿಸುತ್ತಾರೆ. ರೇಖಾಚಿತ್ರದ ಬಿಂದುಗಳೆಲ್ಲ ಗೆರೆಯ ಮೇಲೆ ಸಾಲಾಗಿ ನಿಲ್ಲುತ್ತವೆ. ಅಕ್ಷರ ಮುತ್ತು ಪೋಣಿಸಿದಂತಿದೆ, ಹೊದಿಕೆ ಅಚ್ಚುಕಟ್ಟಾಗಿದೆ, ಅಂಕ ತುಂಬ ಬರುತ್ತದೆ. ನಿಜವಾಗಿ ಅಳೆದು ತಂದವರ ಬಿಂದುಗಳು ಗೆರೆಯ ಅತ್ತಿತ್ತ ಚೆದರಿರುತ್ತವೆ. ಅವರ ಪುಸ್ತಕದಲ್ಲಿ ಎಣ್ಣೆಯ ಬೆರಳಚ್ಚು ಬಿದ್ದಿರುತ್ತದೆ. ಅವರಿಗೆ ಒಂದೆರಡು ಅಂಕ ಕಡಿಮೆ. ಸತ್ಯಕ್ಕೆ ದಂಡ, ಸುಳ್ಳಿಗೆ ಬಹುಮಾನ ಎಂಬ ಪಾಠ ಹದಿನೆಂಟರ ವಯಸ್ಸಿಗೇ ಮನಸ್ಸಿನಲ್ಲಿ ಇಳಿದುಬಿಡುತ್ತದೆ.

ಇದರಿಂದೇನಾಗುವುದೆಂದು ಕೇಳುವವರಿಗೆ ಸ್ಕಾಟ್ಲೆಂಡಿನ ಒಂದು ಹಳೆಯ ಪ್ರಕರಣ ಉತ್ತರ ಹೇಳುತ್ತದೆ. ಡಂಡೀ ನಗರದ ಬಳಿ ಟೇ ನದಿಯ ಮೇಲೆ 1878ರಲ್ಲಿ ರೈಲು ಸಂಚಾರಕ್ಕೆ ತೆರೆದ ಸೇತುವೆ 1879ರ ಡಿಸೆಂಬರ್ 28ರ ರಾತ್ರಿ ಬಿರುಗಾಳಿಯಲ್ಲಿ ಕುಸಿಯಿತು. ಆಗ ಅದರ ಮೇಲೆ ಹೋಗುತ್ತಿದ್ದ ರೈಲು ನದಿಗೆ ಬಿತ್ತು; ಒಬ್ಬ ಪ್ರಯಾಣಿಕನೂ ಉಳಿಯಲಿಲ್ಲ. ವಿಚಾರಣೆಯಲ್ಲಿ ಹಲವು ಕಾರಣಗಳು ಹೊರಬಂದವು. ಗಾಳಿಯ ಒತ್ತಡವನ್ನು ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ನಿರ್ಮಾಣವೂ ಮೇಲ್ವಿಚಾರಣೆಯೂ ಕೆಟ್ಟದಾಗಿದ್ದವು. ಲಂಡನ್ನಿನ ಸದರ್ಕ್ ಬೀದಿಯಲ್ಲಿ ಡೇವಿಡ್ ಕರ್ಕಾಲ್ಡಿಯವರ ಪರೀಕ್ಷಾಲಯವಿತ್ತು. ಅದರ ಬಾಗಿಲ ಮೇಲೆ ‘ಸತ್ಯಾಂಶಗಳು, ಅಭಿಪ್ರಾಯಗಳಲ್ಲ’ ಎಂಬ ಅರ್ಥದ ಮಾತನ್ನು ಕೆತ್ತಿಸಿದ್ದರು; ಅದು ಇಂದಿಗೂ ಅಲ್ಲಿದೆ. ಕುಸಿದ ಸೇತುವೆಯ ಬೀಡುಕಬ್ಬಿಣದ ಭಾಗಗಳನ್ನು ಅಲ್ಲಿ ಎಳೆದು ನೋಡಿದಾಗ ಅವು ನಿರೀಕ್ಷಿಸಿದ್ದಕ್ಕಿಂತ ಬಹಳ ಕಡಿಮೆ ಭಾರಕ್ಕೇ ಮುರಿದುವು.

ಇನ್ನೊಂದು ಸಂಗತಿಯೂ ವಿಚಾರಣೆಯಲ್ಲಿ ಬಯಲಾಯಿತು. ಸೇತುವೆಯ ಕಂಬಗಳ ಎರಕದಲ್ಲಿ ಗಾಳಿಗುಳ್ಳೆಗಳ ತೂತುಗಳು ಉಳಿದಿದ್ದಲ್ಲಿ ಎರಕದ ಮನೆಯವರು ಅವನ್ನು ಒಂದು ಮುದ್ದೆಯಿಂದ ಮುಚ್ಚುತ್ತಿದ್ದರು. ಜೇನುಮೇಣ, ಪಿಟೀಲಿನ ಕಮಾನಿಗೆ ಬಳಿಯುವ ರಾಳ, ನಯವಾದ ಕಬ್ಬಿಣದ ಪುಡಿ, ಸ್ವಲ್ಪ ದೀಪದ ಮಸಿ, ಇವುಗಳನ್ನು ಕರಗಿಸಿ ಮಾಡಿದ ಆ ಮುದ್ದೆಗೆ ಕೆಲಸಗಾರರಲ್ಲಿ ‘ಬೋಮಾಂಟ್ ಮೊಟ್ಟೆ’ ಎಂಬ ಹೆಸರಿತ್ತು. ಉಜ್ಜಿ ಹೊಳಪು ಕೊಟ್ಟರೆ ಕಬ್ಬಿಣವೆಂದೇ ಕಾಣುತ್ತಿತ್ತು. ಮೇಲ್ವಿಚಾರಕನ ಕಣ್ಣು ತಪ್ಪಿಸಲು ಅಷ್ಟು ಸಾಕು. ಭಾರ ಹೊರುವ ಶಕ್ತಿ ಮಾತ್ರ ಅದಕ್ಕೆ ಇರಲಿಲ್ಲ. ಸೇತುವೆ ಬಿದ್ದುದು ಆ ಮೇಣವೊಂದರಿಂದಲೇ ಎನ್ನಲಾಗದು. ಆದರೆ ತೂತನ್ನು ಕಂಡು ಮುಚ್ಚಿದ ಕೈ ಯಾವ ಶಾಲೆಯಲ್ಲಿ ಪಳಗಿತೆಂದು ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ. ನಕಲುಮಾಡಿದ ರೆಕಾರ್ಡ್ ಪುಸ್ತಕವೂ ಇಂತಹುದೇ ಮೇಣ. ಅದರ ಅಡಿಯಲ್ಲಿರುವ ತೂತು ಅಜ್ಞಾನದ್ದು.

ಹಾಗೆಂದು ತಪ್ಪನ್ನೆಲ್ಲ ಹುಡುಗರ ತಲೆಗೆ ಕಟ್ಟುವುದು ನ್ಯಾಯವಲ್ಲ. ಒಂದೇ ಯಂತ್ರದ ಸುತ್ತ ಹದಿನೈದು ಇಪ್ಪತ್ತು ಮಂದಿಯನ್ನು ನಿಲ್ಲಿಸಿದರೆ ಒಬ್ಬನು ಮುಳ್ಳನ್ನು ಓದುತ್ತಾನೆ, ಒಬ್ಬಳು ಬರೆದುಕೊಳ್ಳುತ್ತಾಳೆ, ಉಳಿದವರು ಒಬ್ಬರ ಹೆಗಲ ಮೇಲೊಬ್ಬರು ಇಣಿಕುತ್ತಾರೆ. ಮೂರು ಗಂಟೆಯ ಅವಧಿ ಹಾಗೆಯೇ ಕಳೆದುಹೋಗುತ್ತದೆ. ಕೆಟ್ಟ ಅಳತೆಯಂತ್ರ ರಿಪೇರಿಗೆ ಕಾದು ಕುಳಿತಿರುತ್ತದೆ. ಅಧ್ಯಾಪಕರಲ್ಲಿಯೂ ಎಷ್ಟೋ ಮಂದಿಗೆ ಪ್ರಯೋಗಶಾಲೆ ಎರಡನೆಯ ದರ್ಜೆಯ ಕೆಲಸ. ಉಪನ್ಯಾಸಕ್ಕೆ ಇರುವ ಮರ್ಯಾದೆ ಅದಕ್ಕಿಲ್ಲ. ಯಂತ್ರದ ನಾಡಿಯನ್ನು ನಿಜವಾಗಿ ಬಲ್ಲವನು ಬಹುಮಟ್ಟಿಗೆ ಅಲ್ಲಿಯ ಮೇಸ್ತ್ರಿ. ಎಂಜಿನ್ನಿನ ಸದ್ದಿನಲ್ಲಿ ಒಂದು ಅಪಶ್ರುತಿ ಕೇಳಿದೊಡನೆ ಯಾವ ತಿರುಪು ಸಡಿಲವಾಗಿದೆಯೆಂದು ಹೇಳಬಲ್ಲವನು ಅವನೇ. ಅವನ ಸಂಬಳ, ಅವನ ಕುರ್ಚಿ, ಅವನ ಹೆಸರು, ಯಾವುದೂ ಕಾಲೇಜಿನ ಪರಿಚಯ ಪುಸ್ತಿಕೆಯಲ್ಲಿ ಕಾಣಸಿಗುವುದಿಲ್ಲ. ಕೈಕೆಲಸವನ್ನು ಕೀಳೆಂದು ಕಾಣುವ ಹಳೆಯ ರೋಗ ಎಂಜಿನಿಯರಿಂಗ್ ಕಾಲೇಜಿನ ಒಳಗೂ ಬದುಕಿಕೊಂಡಿದೆ.

ಕಂಪ್ಯೂಟರ್ ಪರದೆಯ ಮೇಲೆಯೇ ಪ್ರಯೋಗ ಮಾಡಿಸುವ ಏರ್ಪಾಡೂ ಈಗ ಉಂಟು. ಭಾರತ ಸರಕಾರದ ನೆರವಿನಿಂದ 2009ರಲ್ಲಿ ಆರಂಭವಾದ ವರ್ಚುವಲ್ ಲ್ಯಾಬ್ ಯೋಜನೆಯಲ್ಲಿ ಐ. ಐ. ಟಿ.ಗಳೂ ಬೇರೆ ಸಂಸ್ಥೆಗಳೂ ಇಂತಹ ಅನೇಕ ಪ್ರಯೋಗಗಳನ್ನು ಸಿದ್ಧಪಡಿಸಿವೆ. 2020ರಲ್ಲಿ ಸಾಂಕ್ರಾಮಿಕದಿಂದ ಕಾಲೇಜುಗಳು ಮುಚ್ಚಿದಾಗ ಇವು ವಿದ್ಯಾರ್ಥಿಗಳ ಕೈಹಿಡಿದವು. ದುಬಾರಿ ಯಂತ್ರವನ್ನು ಮುಟ್ಟುವ ಮೊದಲು ಕ್ರಮವನ್ನು ಅರಿಯಲು ಇವು ನಿಸ್ಸಂದೇಹವಾಗಿ ಉಪಕಾರಿ. ಆದರೆ ಪರದೆಯ ಮೇಲೆ ಸಲಾಕೆ ದವಡೆಯಿಂದ ಜಾರುವುದಿಲ್ಲ. ರಂಧ್ರದ ಅಂಚು ಸವೆಯುವುದಿಲ್ಲ. ಬೀದಿಯ ಲಾರಿ ನೀರನ್ನು ಕಲಕುವುದಿಲ್ಲ. ಅಲ್ಲಿ ಮೊದಲೇ ಹಾಕಿಟ್ಟದ್ದಲ್ಲದೆ ಬೇರೊಂದು ಹೊರಬರಲಾರದು. 2002ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ನಗರದಲ್ಲಿ ಎಂಜಿನಿಯರಿಂಗ್ ಶಿಕ್ಷಣತಜ್ಞರು ಸಭೆ ಸೇರಿ, ಪ್ರಯೋಗಶಾಲೆ ಏನನ್ನು ಕಲಿಸಬೇಕೆಂದು ಚರ್ಚಿಸಿ 13 ಉದ್ದೇಶಗಳ ಪಟ್ಟಿಯನ್ನು ಮಾಡಿದರು. ಅಳತೆ, ವಿಶ್ಲೇಷಣೆ, ವಿನ್ಯಾಸಗಳ ಜೊತೆಗೆ ಮೂರು ಮಾತುಗಳು ಆ ಪಟ್ಟಿಯಲ್ಲಿ ವಿಶೇಷವಾಗಿ ಗಮನ ಸೆಳೆಯುತ್ತವೆ. ಸೋಲಿನಿಂದ ಕಲಿಯುವುದು ಒಂದು. ಇಂದ್ರಿಯಗಳ ಎಚ್ಚರ ಮತ್ತೊಂದು. ಪ್ರಾಮಾಣಿಕತೆ ಮೂರನೆಯದು.

ಈ ಮೂರನ್ನೂ ಕಲಿಸಲು ಕೋಟ್ಯಂತರ ರೂಪಾಯಿಯ ಯಂತ್ರಗಳು ಬೇಕಾಗಿಲ್ಲ. ಕೆಲವು ಸಣ್ಣ ಕಟ್ಟಳೆಗಳು ಸಾಕು. ಒಂದು ಯಂತ್ರಕ್ಕೆ ನಾಲ್ಕು ಮಂದಿಗಿಂತ ಹೆಚ್ಚು ಇರಬಾರದು. ಯಂತ್ರ ಕಡಿಮೆಯಿದ್ದರೆ ಸರದಿ ಹೆಚ್ಚಲಿ. ಅಳತೆಗಳನ್ನು ಆಗಿಂದಾಗ್ಗೆ ಶಾಯಿಯಲ್ಲಿ ಬರೆಯಬೇಕು. ತಪ್ಪಾದರೆ ಅಳಿಸದೆ, ಕೆಳಗಿನ ಅಂಕೆ ಓದಲು ಬರುವಂತೆ ಒಂದೇ ಗೆರೆ ಹೊಡೆಯಬೇಕು. ಅಂದಿನ ಹಾಳೆಗೆ ಅಂದೇ ಅಧ್ಯಾಪಕರ ಸಹಿ ಬೀಳಬೇಕು. ಪುಸ್ತಕದ ಉತ್ತರಕ್ಕೆ ಹತ್ತಿರ ಬಂದವರಿಗಲ್ಲ, ದೂರ ಹೋದುದಕ್ಕೆ ಕಾರಣ ಹುಡುಕಿದವರಿಗೆ ಹೆಚ್ಚಿನ ಅಂಕ ಸಲ್ಲಬೇಕು. ವರ್ಷಕ್ಕೊಮ್ಮೆಯಾದರೂ ಉತ್ತರ ಯಾರಿಗೂ ತಿಳಿಯದ ಪ್ರಯೋಗವೊಂದನ್ನು ಕೊಡಬೇಕು. ಹಳೆಯ ನೀರೆತ್ತುವ ಪಂಪು, ಮನೆಯ ಹೊಲಿಗೆಯಂತ್ರ, ಅಡಿಗೆಮನೆಯ ಮಿಕ್ಸರ್, ಯಾವುದಾದರೂ ಆದೀತು; ತೆಗೆದುಕೊಂಡ ಶಕ್ತಿಯಲ್ಲಿ ಅದು ಎಷ್ಟನ್ನು ಕೆಲಸಕ್ಕೆ ಹಚ್ಚುತ್ತದೆಂದು ಅಳೆದು ತರಲಿ. ಆಗ ನಕಲು ಮಾಡಲು ಹಿಂದಿನ ವರ್ಷದ ಪುಸ್ತಕವೇ ಇರುವುದಿಲ್ಲ. ಮೇಸ್ತ್ರಿಯನ್ನು ಗುರುವಿನ ಸಾಲಿನಲ್ಲಿ ಕೂರಿಸುವುದಕ್ಕಂತೂ ಖರ್ಚೇ ಇಲ್ಲ.

ಮನೆಯವರ ಪಾಲಿಗೂ ಒಂದು ಕೆಲಸವಿದೆ. ಮಗನೋ ಮಗಳೋ ಸಂಜೆ ಅಂಗೈಯಲ್ಲಿ ಬೊಬ್ಬೆ, ಅಂಗಿಯಲ್ಲಿ ಎಣ್ಣೆಯ ಕಲೆ ಹೊತ್ತು ಬಂದರೆ ಬಟ್ಟೆ ಹಾಳಾಯಿತೆಂದು ಗೊಣಗದೆ ಇರುವುದು. ತಾನು ಬೆಸುಗೆ ಹಾಕಿ ತಂದ ಸೊಟ್ಟಗಿನ ತಗಡಿನ ಆಲಿಕೆಯನ್ನು ಅಟ್ಟಕ್ಕೆ ಎಸೆಯದೆ, ಅಡಿಗೆಮನೆಯಲ್ಲಿ ಎಣ್ಣೆ ಸುರಿಯಲು ಬಳಸುವುದು. ಅದು ಸೋರಿದರೆ ಎಲ್ಲಿ ಸೋರುತ್ತಿದೆಯೆಂದು ಅವರಿಗೇ ತೋರಿಸುವುದು. ಪ್ರಯೋಗಕ್ಕೆ ಎಷ್ಟು ಅಂಕ ಬಂತೆಂದು ಕೇಳುವುದಕ್ಕೆ ಮೊದಲು, ಇಂದು ಲೆಕ್ಕಕ್ಕೆ ಸಿಗದೆ ಉಳಿದ ಪಾಲು ಎಷ್ಟು ಎಂದು ಒಮ್ಮೆ ಕೇಳಿ ನೋಡುವುದು. ಥಟ್ಟನೆ ಸೊನ್ನೆಯೆಂದು ಉತ್ತರ ಬಂದರೆ ಸ್ವಲ್ಪ ಚಿಂತೆಪಡಬೇಕು. ತಡವರಿಸಿ, ಹನ್ನೆರಡು ಪಾಲು ಬಂತು, ಯಾಕೆಂದು ಇನ್ನೂ ತಿಳಿಯಲಿಲ್ಲ, ನಾಳೆ ಮತ್ತೆ ಹೋಗಿ ಆ ಕೊಳವೆಯ ಕೀಲನ್ನು ನೋಡಬೇಕು ಎಂದು ಉತ್ತರ ಬಂದರೆ, ಆ ಮನೆಯಲ್ಲಿ ಒಬ್ಬ ಎಂಜಿನಿಯರು ಬೆಳೆಯುತ್ತಿದ್ದಾನೆ ಅಥವಾ ಬೆಳೆಯುತ್ತಿದ್ದಾಳೆ ಎಂದು ತಿಳಿದು ನೆಮ್ಮದಿಯಿಂದ ನಿದ್ರಿಸಬಹುದು.